ಕೆಂಚಪ್ಪನ ಹತ್ತು ಬೆರಳು

ಇಂದುಧರ ಹಾಸನಕ್ಕೆ ಮೂರು ದಿನದ ತರಬೇತಿಗೆ ಹೋಗದೆ ಇದ್ದಿದ್ದರೆ ನಮ್ಮ ಬಸ್ತಿಕೊಪ್ಪಲಿಗೆ ಮಲೇರಿಯಾ ಬರುತ್ತಿರಲಿಲ್ಲ. ಸೊಳ್ಳೆ ಕಚ್ಚಿದರೆ ಮಲೇರಿಯಾ ಬರುತ್ತದೆ ಎಂದು ಪುಸ್ತಕದಲ್ಲಿ ಬರೆದಿದ್ದಾರೆ. ಬರೆದವರು ಓದಿದವರು, ನಾನು ಅಲ್ಲಗಳೆಯುವುದಿಲ್ಲ. ಆದರೆ ೧೯೭೮ರಲ್ಲಿ ನಮ್ಮೂರಿಗೆ ಅದು ಬಂದದ್ದು ತರಬೇತಿಯಿಂದ. ಊರಿನ ಆರೋಗ್ಯ ಘಟಕದಲ್ಲಿ ಕಾಂಪೌಂಡರ್ ಆಗಿದ್ದ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ಬಸ್ತಿಕೊಪ್ಪಲು ಹಳೇಬೀಡಿನಿಂದ ಹಗರೆಯ ಕಡೆಗೆ ಹೋಗುವಾಗ ಎಡಕ್ಕೆ ತಿರುಗಿದರೆ ಸಿಗುವ ಊರು. ತಿರುಗದೆ ನೇರ ಹೋದವರಿಗೂ ಹೆಚ್ಚಿನ ನಷ್ಟವೇನಿಲ್ಲ. ತೊಂಬತ್ನಾಲ್ಕು ಮನೆ, ಒಂದು ಬಸದಿ, ಒಂದು ಈಶ್ವರನ ಗುಡಿ, ಒಂದು ಕಾಫಿ ಹೋಟೆಲು, ಮತ್ತು ನಮ್ಮ ಘಟಕ. ಘಟಕಕ್ಕೆ ಒಬ್ಬ ಡಾಕ್ಟರೂ ಇದ್ದರು. ಆ ವರ್ಷವಿಡೀ ಅವರನ್ನು ಬೇರೆ ಬೇರೆ ಊರಿನ ಶಿಬಿರಗಳಿಗೆ ಕಳಿಸುತ್ತಿದ್ದುದರಿಂದ ಅವರ ಕುರ್ಚಿ ಮಾತ್ರ ಕಾಯಂ ಆಗಿ ನಮ್ಮಲ್ಲಿತ್ತು. ಇಂದುಧರ ಘಟಕದ ಮಲೇರಿಯಾ ಕಾರ್ಯಕರ್ತ. ಮೂವತ್ತು ವರ್ಷದ ಸಣಕಲು ಆಳು, ದುಂಡಗಿನ ಅಕ್ಷರ, ಇನ್ನೂ ಕಾಯಂ ಆಗದ ನೌಕರಿ. ತಿಂಗಳಿಗೊಮ್ಮೆ ಮನೆಗೊಬ್ಬರಂತೆ ಬೆರಳು ಚುಚ್ಚಿ, ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಬಳಿದು, ಹೆಸರು ಬರೆದು, ಪರೀಕ್ಷೆಗೆ ಹಾಸನಕ್ಕೆ ಕಳಿಸುವುದು ಅವನ ಕೆಲಸ.

ತರಬೇತಿಗೆ ಮುಂಚೆ ಅವನ ರಿಜಿಸ್ಟರ್ ಹಲ್ಲುದುರಿದ ಬಾಯಿಯ ಹಾಗಿತ್ತು. ತೊಂಬತ್ನಾಲ್ಕು ಖಾನೆಗಳಲ್ಲಿ ಹನ್ನೆರಡೋ ಹದಿನೈದೋ ತುಂಬಿರುತ್ತಿದ್ದವು. ಉಳಿದವುಗಳ ಎದುರು 'ಒಪ್ಪಲಿಲ್ಲ', 'ಬೈದರು', 'ನಾಯಿ ಬಿಟ್ಟರು' ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದ. ಇಷ್ಟು ಸತ್ಯವನ್ನು ಮೇಲಿನವರಿಗೆ ಓದಲಾಗಲಿಲ್ಲ. 'ಆರೋಗ್ಯ ಮಾಹಿತಿಯ ಗುಣಮಟ್ಟ ಸುಧಾರಣೆ' ಎಂಬ ತರಬೇತಿಗೆ ಅವನನ್ನು ಕರೆಸಿಕೊಂಡರು.

ಮೂರು ದಿನ ಕಳೆದು ಬಸ್ಸಿನಿಂದ ಇಳಿದವನು ಬೇರೆಯೇ ಇಂದುಧರ. ಜೇಬಿನಲ್ಲಿ ಕೆಂಪು-ನೀಲಿ ಪೆನ್ಸಿಲು, ಕಂಕುಳಲ್ಲಿ ಗಾಜು ಹಾಕಿಸಿದ ಪ್ರಮಾಣಪತ್ರ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ಇವನು ಹಾಡಹಗಲೇ ಡಾಕ್ಟರ ಕುರ್ಚಿಯ ಮೇಲೆ ಹತ್ತಿ ನಿಂತು ಪ್ರಮಾಣಪತ್ರವನ್ನು ಗೋಡೆಗೆ ನೇತುಹಾಕಿದ.

"ಮಾಹಿತಿಗೆ ಐದು ಗುಣ ಇರ್ಬೇಕು ಕಣ್ರೀ," ಎಂದು ಕುರ್ಚಿಯ ಮೇಲಿನಿಂದಲೇ ನನಗೆ ಉಪದೇಶ ಮಾಡಿದ. "ಪೂರ್ತಿ ಇರ್ಬೇಕು. ಹೊತ್ತಿಗೆ ಸರಿಯಾಗಿ ಹೋಗ್ಬೇಕು. ಓದೋಕೆ ಬರ್ಬೇಕು. ತಾಳೆ ಆಗ್ಬೇಕು."

"ನಾಲ್ಕಾಯ್ತು. ಐದನೇದು?"

ಇಂದುಧರ ಪೆನ್ಸಿಲಿನ ನೀಲಿ ತುದಿಯಿಂದ ತಲೆ ಕೆರೆದುಕೊಂಡ. "ಐದನೇದನ್ನ ಕೊನೇ ದಿನ ಮಧ್ಯಾಹ್ನ ಹೇಳಿದ್ರು. ಅವತ್ತು ಊಟಕ್ಕೆ ಹೋಳಿಗೆ ಹಾಕಿದ್ರು."

ಹೋಳಿಗೆ ಉಂಡವನು ಕೂತಲ್ಲೇ ನಿದ್ದೆ ಹೋದರೆ ಅದು ಅವನ ತಪ್ಪಲ್ಲ, ತುಪ್ಪದ ತಪ್ಪು. ಐದನೆಯ ಗುಣ 'ನಿಜ ಇರಬೇಕು' ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಇಂದುಧರ ನಾಲ್ಕೇ ಗುಣಗಳನ್ನು ಹೊತ್ತುಕೊಂಡು ಊರೊಳಗೆ ಹೊರಟ.

ಮೊದಲು ಹೋದದ್ದು ಬಸದಿಯ ಪಕ್ಕದ ಚಂದ್ರಮತಿ ಅಮ್ಮನ ಮನೆಗೆ. ಎಪ್ಪತ್ತು ದಾಟಿದ ಜೈನರ ಹಿರಿಯಾಕೆ. ನೀರನ್ನು ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯಲ್ಲಿ ಸಿಕ್ಕ ಕಾಣದ ಜೀವಿಗಳನ್ನು ಮರಳಿ ಬಾವಿಗೇ ತಲುಪಿಸಿ, ಆಮೇಲೆ ಕುಡಿಯುವವರು. ಅವರು ಇಂದುಧರನ ಮಾತನ್ನೆಲ್ಲ ಸಮಾಧಾನವಾಗಿ ಕೇಳಿದರು.

"ರಕ್ತದಲ್ಲಿ ಏನು ಹುಡುಕ್ತೀಯಪ್ಪ?"

"ಕ್ರಿಮಿ ಅಮ್ಮ. ಕಣ್ಣಿಗೆ ಕಾಣಲ್ಲ."

"ಎಷ್ಟು ಇರ್ತವೆ?"

"ಇದ್ರೆ ಲಕ್ಷಗಟ್ಟಲೆ ಇರ್ತವೆ."

"ಸಿಕ್ಕಿದ್ರೆ ಏನು ಮಾಡ್ತೀಯ?"

"ಮಾತ್ರೆ ಕೊಟ್ಟು ಒಂದೂ ಉಳೀದ ಹಾಗೆ ಸಾಯಿಸ್ತೀವಿ!" ಎಂದು ಇಂದುಧರ ಎದೆಯುಬ್ಬಿಸಿ ಹೇಳಿದ.

ಚಂದ್ರಮತಿ ಅಮ್ಮ ತಮ್ಮ ಹತ್ತೂ ಬೆರಳುಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. "ಲಕ್ಷ ಜೀವ ನನ್ನ ನಂಬ್ಕೊಂಡು ಒಳಗೆ ಕೂತಿದ್ರೆ ಅವು ಆಯುಸ್ಸು ತೀರಿಸ್ಕೊಂಡೇ ಹೋಗ್ಲಿ ಕಣಪ್ಪ. ನೀನು ಮಜ್ಜಿಗೆ ಕುಡಿದು ಹೊರಡು."

ಮಜ್ಜಿಗೆ ಕುಡಿದು ಹೊರಟವನು ಗಂಗಾಧರಪ್ಪನವರ ಜಗಲಿಗೆ ಬಂದ. ಗಂಗಾಧರಪ್ಪ ತೆಂಗಿನ ತೋಟದ ಯಜಮಾನರು, ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಇಲ್ಲ ಎನ್ನುವುದು ಅವರ ಜಾಯಮಾನವಲ್ಲ, ದಿನ ನೋಡಿ ಹೇಳುತ್ತೇನೆ ಎನ್ನುವುದು ಅವರ ಪದ್ಧತಿ.

"ಮಂಗಳವಾರ, ಶುಕ್ರವಾರ ಮನೆಯಿಂದ ರಕ್ತ ಆಚೆ ಹೋಗ್ಬಾರ್ದು ಕಣಯ್ಯ, ಲಕ್ಷ್ಮಿ ಜೊತೇಲೇ ಹೊರಟುಬಿಡ್ತಾಳೆ. ಸೋಮವಾರ ಶಿವನ ವಾರ. ಬುಧವಾರ, ಗುರುವಾರ ನಾನು ಅರಸೀಕೆರೆ. ಶನಿವಾರ ಕಬ್ಬಿಣ ಮೈಗೆ ತಾಗ್ಬಾರ್ದು."

"ಭಾನುವಾರ ಬರ್ಲಾ ಸ್ವಾಮಿ?"

"ಭಾನುವಾರ ನಿನಗೆ ರಜಾ ಅಲ್ವೇನಯ್ಯ? ಸರ್ಕಾರ ಕೊಟ್ಟ ರಜಾನ ಯಾಕೆ ಹಾಳು ಮಾಡ್ಕೋತೀಯ?"

ಹೀಗೆ ಮನೆ ಮನೆಯಲ್ಲೂ ಆಯಿತು. ಮುಂಚೆ ಸುಮ್ಮನೆ ಬೆರಳು ಕೊಡುತ್ತಿದ್ದ ಹದಿನೈದು ಮನೆಯವರೂ ಇವನ ಅರ್ಧಗಂಟೆಯ ಭಾಷಣಕ್ಕೆ ಹೆದರಿ ಬಾಗಿಲು ಹಾಕಿಕೊಂಡರು. ಕೊನೆಗೆ ಇಡೀ ಊರಿನಲ್ಲಿ ರಕ್ತ ಕೊಟ್ಟವಳು ಕಾಂತಮ್ಮ ಒಬ್ಬಳೇ. "ತಗೊಳ್ಳಿ ಸಾ, ಬಿರ್ನೆ ಚುಚ್ಚಿ, ಒಲೆ ಮೇಲೆ ಎಸ್ರು ಇಟ್ಟಿವ್ನಿ," ಎಂದು ಬೆರಳು ಚಾಚಿ, ಚುಚ್ಚಿಸಿಕೊಂಡು, ಒಳಗೆ ಹೋದಳು. ರಿಜಿಸ್ಟರಿನಲ್ಲಿ ಒಂದು ಖಾನೆ ತುಂಬಿತು. ತೊಂಬತ್ಮೂರು ಖಾಲಿ.

ಕಾಂತಮ್ಮನ ಗಂಡನೇ ಕೆಂಚಪ್ಪ. ಊರಿನ ತೆಂಗಿನ ಮರಗಳಿಗೆಲ್ಲ ಹತ್ತಿ ಕಾಯಿ ಕೀಳುವವನು. ಅವನ ಬೆರಳುಗಳು ಮರ ಅಪ್ಪಿ ಅಪ್ಪಿ ಕೊರಡಾಗಿದ್ದವು. ಆ ಸಂಜೆ ಹೋಟೆಲಿನ ಬೆಂಚಿನ ಮೇಲೆ ಇಂದುಧರ ಖಾಲಿ ರಿಜಿಸ್ಟರನ್ನು ತೆರೆದುಕೊಂಡು ಅಳುವುದೊಂದು ಬಾಕಿ ಇದ್ದಾಗ ಕೆಂಚಪ್ಪನೇ ಬಂದು ಪಕ್ಕದಲ್ಲಿ ಕೂತ.

"ಅದ್ಯಾಕೆ ಸಾ ಅಂಗೆ ಕುಂತಿದೀರಿ? ಒಂದು ತೊಟ್ಟು ತಾನೆ? ನಂದೇ ತಗೊಳ್ಳಿ."

"ನಿಮ್ಮನೇದು ಆಯ್ತಲ್ಲ ಕೆಂಚಪ್ಪ, ಕಾಂತಮ್ಮ ಕೊಟ್ಟಳು."

"ನಮ್ಮನೇದಕ್ಕಲ್ಲ, ಅಗೋ, ನಮ್ಮ ಚಿಕ್ಕಪ್ಪನ ಮನೇದಕ್ಕೆ. ಅವನ್ ರಕ್ತ, ನನ್ ರಕ್ತ ಎಲ್ಡೂ ಒಂದೇ ಅಲ್ವಾ?"

ಈ ಮಾತಿನಲ್ಲಿ ತಪ್ಪು ಹುಡುಕಲು ಇಂದುಧರನಿಗೆ ಆಗಲಿಲ್ಲ. ಚಿಕ್ಕಪ್ಪನ ಖಾನೆ ತುಂಬಿತು. ಚಿಕ್ಕಪ್ಪನಾದ ಮೇಲೆ ದೊಡ್ಡಪ್ಪ, ದಾಯಾದಿಗಳು, ಬೀಗರು. ಸಂಬಂಧ ಮುಗಿದ ಮೇಲೆ ಇಂದುಧರ ತರ್ಕವನ್ನು ಹಿಗ್ಗಿಸಿದ. ಕೆಂಚಪ್ಪ ಗಂಗಾಧರಪ್ಪನವರ ತೋಟದಲ್ಲಿ ಕಾಯಿ ಕೀಳುತ್ತಾನೆ, ಅವರ ಮನೆಯಲ್ಲೇ ಉಣ್ಣುತ್ತಾನೆ. ಅವರ ಮನೆಯ ಮುದ್ದೆಯೇ ಅವನ ರಕ್ತವಾದದ್ದು ಅಂದ ಮೇಲೆ ಆ ರಕ್ತ ಗಂಗಾಧರಪ್ಪನವರದಲ್ಲದೆ ಮತ್ಯಾರದು? ಕೆಂಚಪ್ಪ ಹತ್ತದ ಮರ ಊರಲ್ಲಿರಲಿಲ್ಲ, ಉಣ್ಣದ ಮನೆಯೂ ಇರಲಿಲ್ಲ. ಐದು ದಿನದಲ್ಲಿ ತೊಂಬತ್ಮೂರು ಖಾನೆಯೂ ತುಂಬಿತು.

ಕೆಂಚಪ್ಪ ಇದಕ್ಕಾಗಿ ಕೇಳಿದ್ದು ದಿನಕ್ಕೊಂದು ಲೋಟ ಕಾಫಿ, ಅಷ್ಟೆ. ಕೊಡುವುದನ್ನು ಮಾತ್ರ ಮನಸ್ಸಿಟ್ಟು ಕೊಡುತ್ತಿದ್ದ. ಗಂಗಾಧರಪ್ಪನವರ ಪಾಲಿನ ರಕ್ತ ಕೊಡುವಾಗ ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದ. ಚಂದ್ರಮತಿ ಅಮ್ಮನ ಪಾಲಿನದು ಕೊಟ್ಟ ದಿನ ಹೋಟೆಲಿನವನು ಈರುಳ್ಳಿ ಬಜ್ಜಿ ತಂದಿಟ್ಟರೆ ತಟ್ಟೆಯನ್ನು ಹಿಂದಕ್ಕೆ ತಳ್ಳಿದ. ನನಗೆ ಇದೆಲ್ಲ ಗೊತ್ತಿತ್ತೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಊರ ಉಸಾಬರಿ ನನಗ್ಯಾಕೆ ಎಂದು ಸುಮ್ಮನಿದ್ದೆ, ಮತ್ತು ಆ ಬಜ್ಜಿಯನ್ನು ತಿಂದವನು ನಾನೇ.

ಹಾಸನದಲ್ಲಿ ಬಸ್ತಿಕೊಪ್ಪಲಿನ ಪೆಟ್ಟಿಗೆ ತೆರೆದವರು ಬೆರಗಾದರಂತೆ. ತೊಂಬತ್ನಾಲ್ಕು ಮನೆಗೆ ತೊಂಬತ್ನಾಲ್ಕು ಗಾಜು. ಹೆಸರು, ವಯಸ್ಸು, ಮನೆ ನಂಬರು ಮುತ್ತು ಪೋಣಿಸಿದ ಹಾಗೆ. ಒಬ್ಬರಿಗೂ ಮಲೇರಿಯಾ ಇಲ್ಲ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಮೂರೂ ತಿಂಗಳು ಹೀಗೇ. ಇಂದುಧರನಿಗೆ ಮೆಚ್ಚುಗೆಯ ಕಾಗದ ಬಂತು. ಹೊಸ ವರ್ಷಕ್ಕೆ ನೌಕರಿ ಕಾಯಂ ಮಾಡುವ ಮಾತೂ ಆ ಕಾಗದದಲ್ಲಿತ್ತು. ಬೇಲೂರಿನಲ್ಲಿ ಸುತ್ತಮುತ್ತಲಿನ ಕಾರ್ಯಕರ್ತರನ್ನೆಲ್ಲ ಕೂಡಿಸಿ, 'ಖಾನೆ ತುಂಬುವುದು ಹೇಗೆ' ಎಂದು ಇವನಿಂದಲೇ ಉಪನ್ಯಾಸ ಮಾಡಿಸಿದರು. ಮುಕ್ಕಾಲು ಗಂಟೆ ಮಾತಾಡಿದವನು 'ಜನರ ಸಹಕಾರ ಬೇಕು' ಎಂದಷ್ಟೇ ಹೇಳಿ, ಆ ಜನ ಎಷ್ಟು ಜನ ಎಂಬುದನ್ನು ಹೇಳದೆ ಬಂದ.

ಇನ್ನೊಂದು ಕಾಗದ ನನಗೂ ಬಂತು. ಬಸ್ತಿಕೊಪ್ಪಲಿನಲ್ಲಿ ಮಲೇರಿಯಾ ಇಲ್ಲವೆಂದು ಸಾಬೀತಾಗಿರುವುದರಿಂದ ಅಲ್ಲಿಯ ಮಲೇರಿಯಾ ಮಾತ್ರೆಗಳನ್ನು ಅಗತ್ಯವಿರುವ ಊರುಗಳಿಗೆ ಕಳಿಸಿಕೊಡತಕ್ಕದ್ದು. ನಾನು ಡಬ್ಬ ಸಮೇತ ಕಳಿಸಿಕೊಟ್ಟೆ.

ಡಿಸೆಂಬರ್‌ನಲ್ಲಿ ಕೆಂಚಪ್ಪ ಅರೇಹಳ್ಳಿಯ ಕಡೆಗೆ ಕಾಫಿ ಹಣ್ಣು ಬಿಡಿಸುವ ಕೆಲಸಕ್ಕೆ ಹೋದ. ಇಂದುಧರ ಇಪ್ಪತ್ತು ದಿನ ಉಗುರು ಕಚ್ಚಿಕೊಂಡು ಬಸ್ಸಿನ ದಾರಿ ಕಾದ. ತಿಂಗಳ ಕೊನೆಯ ವಾರ ಕೆಂಚಪ್ಪ ಬಸ್ಸಿನಿಂದ ಇಳಿದಾಗ ಮುಖ ಬಾಡಿತ್ತು, ಕಣ್ಣು ಹಳದಿಗಟ್ಟಿತ್ತು.

"ಮೈ ಯಾಕೋ ಸರಿ ಇಲ್ಲ ಸಾ. ದಿನ ಬಿಟ್ಟು ದಿನ ಚಳಿ ಬತ್ತದೆ, ಆಮೇಕೆ ಬೆಂಕಿ ಹಂಗೆ ಸುಡ್ತದೆ."

"ಎರಡು ದಿನ ತಡ್ಕೊಳ್ಳಪ್ಪ, ತಿಂಗಳು ಮುಗೀತಾ ಬಂತು," ಎಂದು ಇಂದುಧರ ಅವನನ್ನು ಹೋಟೆಲಿಗೆ ಕರೆದೊಯ್ದ. ಕೆಂಚಪ್ಪ ಬೆರಳು ಚಾಚಿದ. ಮೂರನೆಯ ದಿನ, ತೊಂಬತ್ಮೂರೂ ಮುಗಿದ ಮೇಲೆ, ಅವನು ಒಂದು ಮಾತು ಕೇಳಿದ.

"ಸಾ, ನನ್ ಹೆಸ್ರಲ್ಲೂ ಒಂದು ತಗೊಳ್ಳಿ. ಈ ಸಲ ನಂಗೇ ಏನೋ ಐತೆ ಅನ್ಸ್ತದೆ."

"ಮನೆಗೆ ಒಂದೇ ಕೆಂಚಪ್ಪ. ನಿಮ್ಮನೇದು ಕಾಂತಮ್ಮನ ಹೆಸರಲ್ಲಿ ಆಗ್ಹೋಗಿದೆ. ಇನ್ನೊಂದು ಸೇರಿಸಿದ್ರೆ ತೊಂಬತ್ತೈದು ಆಗುತ್ತೆ, ಮನೆ ತೊಂಬತ್ನಾಲ್ಕೇ. ತಾಳೆ ಆಗಲ್ಲ."

ತಾಳೆ ಆಗುವುದಿಲ್ಲ ಎಂದ ಮೇಲೆ ಕೆಂಚಪ್ಪ ಕಾಫಿಯನ್ನೂ ಕುಡಿಯದೆ ಎದ್ದು ಹೋದ.

ಎಂಟನೆಯ ದಿನ ಹಾಸನದಿಂದ ತಂತಿ ಬಂತು: ಬಸ್ತಿಕೊಪ್ಪಲಿನ ತೊಂಬತ್ನಾಲ್ಕು ಮನೆಗಳ ಪೈಕಿ ತೊಂಬತ್ಮೂರರಲ್ಲಿ ಮಲೇರಿಯಾ.

ಮಾರನೆಯ ಬೆಳಿಗ್ಗೆ ಮೂರು ಜೀಪು, ಒಂದು ಲಾರಿ, ಹದಿನಾಲ್ಕು ಜನ ಔಷಧಿ ಹೊಡೆಯುವವರು ಬಂದಿಳಿದರು. ಮುಂದಿನ ಜೀಪಿನಲ್ಲಿ ತನಿಖಾಧಿಕಾರಿ ಕರಿಬಸವಯ್ಯ. ದಪ್ಪ ಮೀಸೆ, ಖಾಕಿ ಕೋಟು. ಹಿಂದಿನ ಜೀಪಿನಲ್ಲಿ ಸೂಕ್ಷ್ಮದರ್ಶಕವನ್ನು ತೊಡೆಯ ಮೇಲಿಟ್ಟುಕೊಂಡ ವಿಶಾಲಮ್ಮ. ಹಾಸನದಲ್ಲಿ ಗಾಜು ನೋಡುವವರು ಇವರೇ. ಮಾತು ಕಡಿಮೆ. ಎಲ್ಲ ಗಾಜಿನ ರಕ್ತವೂ ಒಂದೇ ಥರ ಕಾಣುತ್ತದೆ ಎಂದು ಅವರು ಮೊದಲೇ ಹೇಳಿದ್ದರಂತೆ. "ಒಂದೇ ಊರು, ಒಂದೇ ಬಾವಿ ನೀರು, ಇನ್ನೇನು ಬಣ್ಣ ಬಣ್ಣ ಇರುತ್ತಾ?" ಎಂದು ಕರಿಬಸವಯ್ಯ ಬಾಯಿ ಮುಚ್ಚಿಸಿದ್ದರಂತೆ.

ಶಾಲೆಯ ಅಂಗಳದಲ್ಲಿ ಮೇಜು ಹಾಕಿ ಪಟ್ಟಿ ಓದಿದರು. ಊರಿನವರು ಹೊಲಕ್ಕೆ ಹೋಗುತ್ತಿದ್ದವರು ನೇಗಿಲು ಹೊತ್ತುಕೊಂಡೇ ನಿಂತು ಕೇಳಿದರು. ತಮಗೆ ಜ್ವರ ಬಂದಿದೆ ಎಂಬ ಸುದ್ದಿ ಅವರಿಗೆ ಹೊಸದು. ಯಾರೂ ರಕ್ತ ಕೊಟ್ಟಿರಲಿಲ್ಲ, ನಿಜ. ಆದರೆ ಹಾಸನದಿಂದ ಜೀಪಿನಲ್ಲಿ ಬಂದವರು ಅಚ್ಚು ಹಾಕಿದ ಕಾಗದದಲ್ಲಿ ಹೆಸರು ಹಿಡಿದು ಕೂಗುವಾಗ, ಕೊಟ್ಟಿಲ್ಲ ಎನ್ನುವುದು ಮರ್ಯಾದೆಯೇ? ಯಾವಾಗಲೋ ಕೊಟ್ಟಿರಬೇಕು ಎಂದುಕೊಂಡರು. ಹತ್ತು ಗಂಟೆಯ ಹೊತ್ತಿಗೆ ನಾಲ್ಕು ಜನಕ್ಕೆ ಮೈ ಬೆಚ್ಚಗಾಯಿತು. ಹನ್ನೆರಡರ ಹೊತ್ತಿಗೆ ಊರಿನ ಕಂಬಳಿಗಳೆಲ್ಲ ಹೊರಬಿದ್ದವು.

ಗಂಗಾಧರಪ್ಪನವರು ಎರಡು ಶಾಲು ಹೊದ್ದು ಜಗಲಿಯ ಮೇಲೆ ಒರಗಿದರು. "ನಮ್ಮದು ಸಾಮಾನ್ಯ ಜ್ವರ ಅಲ್ಲ ಕಣ್ರೀ, ಇದಕ್ಕೆ ಜಿಲ್ಲೆಯಿಂದಲೇ ಬಂದಿದ್ದಾರೆ," ಎಂದು ಅರಸೀಕೆರೆಯ ಮಂಡಿಗೆ ಹೇಳಿ ಕಳಿಸಿದರು. ಅವರ ಹೆಂಡತಿ ಸುಮಿತ್ರಮ್ಮ, ಪಟ್ಟಿಯಲ್ಲಿ ಗಂಡನ ಹೆಸರು ಮಾತ್ರ ಇದ್ದು ತನ್ನದು ಬಿಟ್ಟುಹೋಗಿರುವುದಕ್ಕೆ ಮುನಿಸಿಕೊಂಡು ಅಡಿಗೆ ಮಾಡಲಿಲ್ಲ. ಚಂದ್ರಮತಿ ಅಮ್ಮ ತಮ್ಮೊಳಗೆ ಲಕ್ಷ ಜೀವಗಳಿವೆ ಎಂದು ತಿಳಿದಾಗಿನಿಂದ ಮೆಟ್ಟಿಲನ್ನು ನಿಧಾನವಾಗಿ ಇಳಿಯುತ್ತಿದ್ದರು, ಕುಲುಕಾಡಿ ಅವಕ್ಕೆ ನೋವಾಗದಿರಲಿ ಎಂದು. ಕೊಟ್ಟ ಮಾತ್ರೆಗಳನ್ನು ಕಣ್ಣಿಗೊತ್ತಿಕೊಂಡು ಗೂಡಿನಲ್ಲಿಟ್ಟರು.

ಇಡೀ ಊರಿನಲ್ಲಿ ಜ್ವರ ಇಲ್ಲದ ಮನೆ ಕಾಂತಮ್ಮನದೊಂದೇ. ಕರಿಬಸವಯ್ಯ ಖುದ್ದಾಗಿ ಅವಳ ಗುಡಿಸಲಿಗೆ ಹೋಗಿ, ಹೊರಗೇ ನಿಂತು ಕೈಮುಗಿದರು.

"ತಾಯಿ, ಊರೆಲ್ಲ ಮಲಗಿದೆ, ನಿಮ್ಮ ಮನೆ ಒಂದು ಶುದ್ಧವಾಗಿದೆ. ಏನು ಮಾಡ್ತೀರಿ ಹೇಳಿ, ಬರ್ಕೋತೀವಿ."

"ಏನ್ ಮಾಡಾನೆ ಸಾ! ಒಳಗೆ ನನ್ ಗಂಡ ಚಳಿ ಜ್ವರದಾಗೆ ಸಾಯ್ತಾ ಅವ್ನೆ. ಎಲ್ಡು ಮಾತ್ರೆ ಕೊಡಿ."

ಕರಿಬಸವಯ್ಯ ಪಟ್ಟಿ ನೋಡಿದರು. "ಮನೆ ನಂಬರು ಅರವತ್ತೊಂದು, ರೋಗ ಇಲ್ಲ. ನಿಮ್ಮ ಯಜಮಾನರಿಗೆ ಬೇರೇನೋ ಆಯಾಸ ಇರ್ಬೇಕಮ್ಮ. ಮಾತ್ರೆ ತೊಂಬತ್ಮೂರು ಜನಕ್ಕೆ ಎಣಿಸಿ ತಂದಿದೀವಿ. ರೋಗ ಇಲ್ಲದವರಿಗೆ ಕೊಟ್ರೆ ನಾನು ಮೇಲೆ ಉತ್ತರ ಹೇಳ್ಬೇಕಾಗುತ್ತೆ."

ಒಳಗಿನಿಂದ ಕೆಂಚಪ್ಪನ ಹಲ್ಲು ಕಟಕಟ ಎನ್ನುವುದು ಬೀದಿಗೆ ಕೇಳುತ್ತಿತ್ತು. ಮನೆಯಲ್ಲಿ ಯಾರೋ ಏನೋ ಕುಟ್ಟುತ್ತಿದ್ದಾರೆ ಎಂದು ತಿಳಿದು ಕರಿಬಸವಯ್ಯ ಹೊರಟುಹೋದರು.

ಕಾಂತಮ್ಮ ನನ್ನ ಹತ್ತಿರ ಓಡಿ ಬಂದಳು. ನನ್ನ ಬೀರುವಿನಲ್ಲಿ ಕೆಮ್ಮಿನ ಔಷಧಿ, ಹುಳುವಿನ ಔಷಧಿ, ಹತ್ತಿ ಇದ್ದವು. ಮಲೇರಿಯಾ ಮಾತ್ರೆ ಇದ್ದ ಜಾಗ ಖಾಲಿ. ನನ್ನ ಕೈಯಾರೆ ಕಳಿಸಿದ್ದೆನಲ್ಲ. ಅಂದು ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ. ಇಂದುಧರ ಅಲ್ಲೇ ಮೂಲೆಯಲ್ಲಿ, ಪ್ರಮಾಣಪತ್ರದ ಕೆಳಗೆ, ತಲೆ ತಗ್ಗಿಸಿ ಕೂತಿದ್ದ. ಕಾಂತಮ್ಮ ಅವನ ಮುಂದೆ ನಿಂತಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತ ಗಾದೆ ಕೇಳಿದ್ದೆ ಸಾ. ಇವತ್ತು ಕಂಡೆ. ಎತ್ತು ಹಟ್ಟೀಲಿ ಬಿದ್ದೈತೆ, ಊರ ಎಮ್ಮೆಗಳೆಲ್ಲ ಮಾತ್ರೆ ನುಂಗ್ತಾ ಅವೆ. ಆ ರಕ್ತ ಯಾರದ್ದು ಅಂತ ನಂಗೂ ಗೊತ್ತು, ನಿಮಗೂ ಗೊತ್ತು. ನಾನು ಹೇಳಿದ್ರೆ ಅವ್ರು ಕೇಳಲ್ಲ. ನೀವು ಹೇಳಿ."

"ಹೇಳಿದ್ರೆ ನನ್ನ ಕೆಲ್ಸ ಹೋಗುತ್ತೆ ಕಾಂತಮ್ಮ. ಮುಂದಿನ ವಾರ ಕಾಯಂ ಆರ್ಡರ್ ಬರ್ತಾ ಇದೆ."

"ಅವ್ನು ಹೋದ್ರೆ ನಂಗೆ ಯಾವ ಆಲ್ಡ್ರು ಬತ್ತದೆ ಸಾ?"

ಇಂದುಧರ ಎದ್ದ. ಕಾಲು ನಡುಗುತ್ತಿದ್ದವು. ಆ ಊರಿನಲ್ಲಿ ಅವತ್ತು ನಡುಗುತ್ತಿದ್ದ ತೊಂಬತ್ತೈದನೆಯವನು ಅವನು.

ಶಾಲೆಯ ಅಂಗಳದಲ್ಲಿ ಊರೆಲ್ಲ ಕಂಬಳಿ ಹೊದ್ದು ಮಾತ್ರೆಗೆ ಸಾಲಾಗಿ ಕೂತಿತ್ತು. ಇಂದುಧರ ನೇರ ಮೇಜಿನ ಮುಂದೆ ನಿಂತು, ಬೇಲೂರಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಹೇಳದೆ ಉಳಿಸಿಕೊಂಡಿದ್ದನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದ.

"ಸಾರ್, ಇವರು ಯಾರೂ ರಕ್ತ ಕೊಟ್ಟಿಲ್ಲ. ತೊಂಬತ್ಮೂರು ಗಾಜೂ ಕೆಂಚಪ್ಪನ ರಕ್ತ. ನಾನೇ ಬಳಿದದ್ದು, ನಾನೇ ಹೆಸರು ಬರೆದದ್ದು. ಮಲೇರಿಯಾ ಇರೋದು ಅವನೊಬ್ಬನಿಗೆ. ಅವನಿಗೆ ಮಾತ್ರೆ ಕೊಡಿ."

ಕರಿಬಸವಯ್ಯ ಬಾಯಿ ತೆರೆಯುವ ಮುಂಚೆ ಎರಡು ಶಾಲಿನ ಒಳಗಿನಿಂದ ಗಂಗಾಧರಪ್ಪ ಗರ್ಜಿಸಿದರು.

"ಏನಂದೆ? ನನಗೆ ಬಂದಿರೋದು ಕೆಂಚಪ್ಪನ ಜ್ವರವಾ? ಬೆಳಿಗ್ಗೆಯಿಂದ ಮೈ ಸುಡ್ತಾ ಇದೆ ಕಣಯ್ಯ! ನನ್ನ ಜ್ವರ ನನ್ನದೇ!"

"ನಮ್ದೂ ನಮ್ದೇ!" ಎಂದು ಸಾಲು ಪೂರ್ತಿ ಕೂಗಿತು. "ನಾವೇನು ಸುಳ್ಳಿಗೆ ನಡುಗ್ತಾ ಇದೀವಾ?" ಎಂದೊಬ್ಬ. "ತರಬೇತಿ ಹೋಗಿ ಬಂದು ಇವನಿಗೆ ತಲೆ ಕೆಟ್ಟಿದೆ," ಎಂದು ಇನ್ನೊಬ್ಬ. ಬೆರಳು ಕೇಳಿದಾಗ ನಾಯಿ ಬಿಟ್ಟವರೇ, ನಾವು ಸಂತೋಷವಾಗಿ ರಕ್ತ ಕೊಟ್ಟೆವು ಎಂದು ಆಣೆ ಇಟ್ಟರು.

ಕರಿಬಸವಯ್ಯನವರಿಗೆ ಇದು ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪವಾಯಿತು. ಒಂದು ಕಡೆ ತಪ್ಪೊಪ್ಪಿಕೊಂಡ ಒಬ್ಬ ನೌಕರ, ಇನ್ನೊಂದು ಕಡೆ ಕ್ರಮಬದ್ಧವಾಗಿ ನಡುಗುತ್ತಿರುವ ಇಡೀ ಊರು. "ನೋಡಪ್ಪ, ರೋಗಿಗಳೇ ರೋಗ ಇದೆ ಅಂತಾರೆ, ಕಾಗದವೂ ಇದೆ ಅನ್ನುತ್ತೆ. ನೀನೊಬ್ಬ ಇಲ್ಲ ಅಂದ್ರೆ ಯಾರು ನಂಬ್ತಾರೆ?"

ಆಗ ವಿಶಾಲಮ್ಮ ಬಂದಾಗಿನಿಂದ ಮೊದಲ ಸಲ ಮಾತಾಡಿದರು. "ಸೂಕ್ಷ್ಮದರ್ಶಕ ಇಲ್ಲೇ ಇದೆ ಸಾರ್. ಮತ್ತೆ ಚುಚ್ಚಿ ನೋಡೋಣ."

ಅದುವರೆಗೆ ಯಾವ ಭಾಷಣಕ್ಕೂ ಬಗ್ಗದ ಬಸ್ತಿಕೊಪ್ಪಲು ತನ್ನ ಜ್ವರದ ಮಾನ ಉಳಿಸಿಕೊಳ್ಳಲು ಒಬ್ಬರ ಮೇಲೊಬ್ಬರು ಬಿದ್ದು ಬೆರಳು ಚಾಚಿತು. ಅಂದು ಯಾವ ವಾರ ಎಂದು ಗಂಗಾಧರಪ್ಪನವರೂ ಕೇಳಲಿಲ್ಲ, ಅದು ಶುಕ್ರವಾರವಾಗಿತ್ತು. ಚಂದ್ರಮತಿ ಅಮ್ಮ ಕೂಡ, ಲಕ್ಷ ಜೀವದ ಸುದ್ದಿ ನಿಜವೋ ಸುಳ್ಳೋ ತಿಳಿಯಬೇಕು ಎಂದು ಕಣ್ಣು ಮುಚ್ಚಿಕೊಂಡು ಕೈ ಕೊಟ್ಟರು. ಇಂದುಧರ ಚುಚ್ಚಿದ, ನಾನು ಗಾಜು ಒಣಗಿಸಿ ಕ್ರಿಮಿ ಎದ್ದು ಕಾಣುವ ಬಣ್ಣ ಹಾಕಿದೆ, ವಿಶಾಲಮ್ಮ ಒಂದು ಕಣ್ಣು ಮುಚ್ಚಿ ನೋಡತೊಡಗಿದರು.

"ಇಲ್ಲ," ಎಂದರು. ಮುಂದಿನ ಗಾಜು. "ಇಲ್ಲ." ಮುಂದಿನದು. "ಇಲ್ಲ."

"ಸರಿಯಾಗಿ ನೋಡಮ್ಮ," ಎಂದು ಗಂಗಾಧರಪ್ಪ ಮೇಜಿಗೆ ಬಗ್ಗಿದರು. "ಒಂದಾದ್ರೂ ಇರ್ಬೇಕು. ಮಂಡಿಗೆಲ್ಲ ಹೇಳಿ ಕಳಿಸಿಬಿಟ್ಟಿದೀನಿ."

"ಇಲ್ಲ ಸ್ವಾಮಿ."

"ಇಲ್ವಾ? ಯಾರೂ ಸಾಯಿಸಲಿಲ್ಲ ತಾನೆ?" ಎಂದು ಚಂದ್ರಮತಿ ಅಮ್ಮ ತಮ್ಮ ಸರದಿಯಲ್ಲಿ ಕೇಳಿದರು. ಮೊದಲಿನಿಂದಲೂ ಇರಲಿಲ್ಲ ಎಂದಾಗ ಒಂದು ದೊಡ್ಡ ಉಸಿರು ಬಿಟ್ಟು, ಸರಸರನೆ ಶಾಲೆಯ ಮೆಟ್ಟಿಲಿಳಿದು ಮನೆಗೆ ನಡೆದರು.

ಇಲ್ಲ ಅನ್ನಿಸಿಕೊಂಡವರ ಜ್ವರ ಅಲ್ಲಲ್ಲೇ ಇಳಿಯುತ್ತ ಬಂತು. ಕಂಬಳಿಗಳು ಒಂದೊಂದಾಗಿ ಕಂಕುಳಿಗೆ ಸೇರಿದವು. ಮೂವತ್ತೆಂಟನೆಯ ಗಾಜಿನ ಹೊತ್ತಿಗೆ ಕಾಂತಮ್ಮ ಎತ್ತಿನ ಗಾಡಿ ಹೊಡೆದುಕೊಂಡು ಅಂಗಳದೊಳಕ್ಕೇ ಬಂದಳು. ಗಾಡಿಯಲ್ಲಿ ಹುಲ್ಲಿನ ಮೇಲೆ, ಮೂರು ಗೋಣಿಚೀಲದ ಕೆಳಗೆ ಕೆಂಚಪ್ಪ. ಗಾಡಿಯೇ ಗಡಗಡ ಅಲುಗುತ್ತಿತ್ತು. ಅಂಥ ನಡುಕ ಅವತ್ತಿಡೀ ಆ ಅಂಗಳದಲ್ಲಿ ಯಾರೂ ನಡುಗಿರಲಿಲ್ಲ. ಬೆಳಿಗ್ಗೆಯಿಂದ ನಡುಗಿದವರೆಲ್ಲ ನಾಚಿ ಎರಡು ಹೆಜ್ಜೆ ಹಿಂದೆ ಸರಿದರು.

ಇಂದುಧರ ಅವನ ಕೈ ಹಿಡಿದುಕೊಂಡ. ಹತ್ತು ಬೆರಳಲ್ಲೂ ಚುಚ್ಚಿದ ಗುರುತು. ಸೂಜಿ ಇಡಲು ಜಾಗ ಹುಡುಕುತ್ತ ಹುಡುಕುತ್ತ ಇಂದುಧರನ ಕಣ್ಣು ಮಂಜಾಯಿತು. ಕೊನೆಗೆ ಕಿವಿಯ ಹಾಲೆಯಿಂದ ಒಂದು ತೊಟ್ಟು ತೆಗೆದ. ವಿಶಾಲಮ್ಮ ಗಾಜನ್ನು ಇಟ್ಟು, ನೋಡಿ, ತಲೆಯೆತ್ತಿದರು.

"ಇದೆ. ಬೇಕಾದಷ್ಟಿದೆ. ಮೊದಲು ಇವನಿಗೆ ಮಾತ್ರೆ ಕೊಡಿ."

ಕರಿಬಸವಯ್ಯ ಇಂದುಧರನನ್ನು ಪಕ್ಕಕ್ಕೆ ಕರೆದರು. ವರದಿ ಆಗಲೇ ಬೆಂಗಳೂರಿಗೆ ಹೋಗಿತ್ತು, ಹಿಂದಕ್ಕೆ ತರಲು ಅದೇನು ದನವಲ್ಲ. ಸ್ವರ ತಗ್ಗಿಸಿ ಒಂದು ದಾರಿ ತೋರಿಸಿದರು. "ಇಲಾಖೆಯ ತ್ವರಿತ ಕ್ರಮದಿಂದ ಒಂದೇ ದಿನದಲ್ಲಿ ತೊಂಬತ್ಮೂರು ಜನ ಗುಣಮುಖ ಅಂತ ಬರೆಯೋಣ. ನಿನ್ನ ಕೆಲ್ಸವೂ ಉಳಿಯುತ್ತೆ, ನನಗೂ ಒಳ್ಳೇ ಹೆಸರು. ಒಂದು ಸಹಿ ಹಾಕು ಸಾಕು."

ಇಂದುಧರ ರಿಜಿಸ್ಟರನ್ನು ತೆಗೆದುಕೊಂಡ. ಡಿಸೆಂಬರ್ ತಿಂಗಳ ಪುಟದ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು, ಕೆಳಗೆ ದುಂಡಗೆ ಬರೆದ: 'ಮೇಲಿನದೆಲ್ಲ ಸುಳ್ಳು. ರೋಗಿ ಒಬ್ಬ. ಕೆಂಚಪ್ಪ, ಮನೆ ನಂಬರು ಅರವತ್ತೊಂದು.' ಅದಕ್ಕೆ ಸಹಿ ಹಾಕಿದ.

ಕರಿಬಸವಯ್ಯನವರ ಮೀಸೆ ಎರಡು ಸಲ ಮೇಲೆ ಹೋಗಿ ಕೆಳಗೆ ಬಂತು. "ನಾಳೆಯಿಂದ ಕೆಲಸಕ್ಕೆ ಬರಬೇಡ," ಎಂದರು.

"ಆಗಲಿ ಸಾರ್. ಇವತ್ತಿನ್ನೂ ಸಂಜೆ ಐದರವರೆಗೆ ನಾನು ನೌಕರ," ಎಂದು ಇಂದುಧರ ಮೇಜಿನ ಮೇಲಿದ್ದ ಮಾತ್ರೆಗಳನ್ನು ಎಣಿಸಿ ತೆಗೆದುಕೊಂಡು ಗಾಡಿಯ ಹತ್ತಿರ ಬಂದ. ಅವನನ್ನು ನಾನು ಅಷ್ಟು ವರ್ಷ ನಗೆಯಾಡಿಕೊಂಡೇ ಬಂದವನು. ಅಂದು ಹಿಂದೆಯೇ ನೀರಿನ ಚೊಂಬು ಹಿಡಿದು ಹೋದೆ.

ಕೆಂಚಪ್ಪ ಗೋಣಿಚೀಲ ಸರಿಸಿ ಅಂಗೈ ಒಡ್ಡಿದ. ಇಂದುಧರ ಅದರಲ್ಲಿ ಮಾತ್ರೆ ಇಟ್ಟ. ಕೆಂಚಪ್ಪ ಅದನ್ನು ನೋಡಿದ, ಸುತ್ತ ನಿಂತ ಊರಿನವರ ಮುಖಗಳನ್ನು ಒಂದೊಂದಾಗಿ ನೋಡಿದ, ಆಮೇಲೆ ಇಂದುಧರನ ಕಡೆ ತಿರುಗಿದ.

"ಇದ್ನ ಯಾರ ಹೆಸ್ರಲ್ಲಿ ನುಂಗ್ಲಿ ಸಾ?"

ಗಂಗಾಧರಪ್ಪನವರು ನೆಲ ನೋಡಿದರು. ಕಾಂತಮ್ಮ ನನ್ನ ಕೈಯಿಂದ ಚೊಂಬು ಕಿತ್ತುಕೊಂಡು, ಗಂಡನ ತಲೆಯನ್ನು ತೋಳಿನ ಮೇಲೆತ್ತಿ, ಬಾಯಿಗೆ ನೀರು ಹಿಡಿದಳು.

"ನಿನ್ ಹೆಸ್ರಲ್ಲೇ ಕಣಯ್ಯ," ಎಂದಳು. "ನುಂಗು."